ಜೋಗ ನೋಡಲು ದುಡ್ಡು ಕೊಡಬೇಕೇ?

(ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ)



ಹೋದ ಬಟವಾಡೆಯ ದಿನ ಈ ವಾಚನಾಲಯದ ಜಗಲಿಯ ಮೇಲೆ ನಡೆದ ವಾಗ್ವಾದ ನಿಮ್ಮಲ್ಲಿ ಬಹುಮಂದಿಗೆ ಗೊತ್ತಿರುವುದೇ. ಸಂಘದ ಉಳಿತಾಯದ ಹಣಕ್ಕೆ ತಲಾ ಇಷ್ಟೆಂದು ಸೇರಿಸಿ ಒಂದು ಬಸ್ಸು ಮಾಡಿಕೊಂಡು ಜೋಗಕ್ಕೆ ಹೋಗಿ ಬರೋಣವೆಂದು ರಾತ್ರಿ ಪಾಳಿಯ ಹುಡುಗರು ಮಾತು ತೆಗೆದರು. ಮಗ್ಗ ಖಾತೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು, "ನೀರು ಮೇಲಿಂದ ಕೆಳಕ್ಕೆ ಬೀಳೋದನ್ನ ನೋಡಲಿಕ್ಕೆ ವಾರದ ಪಗಾರ ಸುರೀಬೇಕೇನ್ರಪ್ಪಾ? ನಮ್ಮ ಮನೆ ಮಾಳಿಗೆ ಮಳೆಗಾಲದಾಗೆ ಸೋರ್ತದೆ, ಬಂದು ನೋಡ್ರಿ, ಪುಕ್ಕಟೆ" ಎಂದರು. ಎಲ್ಲರೂ ನಕ್ಕರು. ಆದರೆ ಅವರು ನಗಿಸಲಿಕ್ಕೆ ಆಡಿದ ಮಾತಲ್ಲ ಅದು. ಕಿರಾಣಿ ಅಂಗಡಿಯ ಅಣ್ಣನವರೊಬ್ಬರು ಇನ್ನೊಂದು ಮಾತು ಸೇರಿಸಿದರು: ಭಾನುವಾರ ಬಾಗಿಲು ಹಾಕಿದರೆ ಆ ದಿನದ ವ್ಯಾಪಾರವಷ್ಟೇ ಹೋಗುವುದಲ್ಲ, ಉದ್ರಿ ಗಿರಾಕಿ ಬೇರೆ ಅಂಗಡಿಯ ದಾರಿ ಹಿಡಿಯುತ್ತಾನೆ. ಸಂಘದ ಕಾರ್ಯದರ್ಶಿಗಳು ಈ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ನಮ್ಮನ್ನು ಕೇಳಿಕೊಂಡರು. ಒಪ್ಪಿಕೊಂಡು ಬಂದಿದ್ದೇವೆ.

ಮೊದಲಿಗೇ ನಮ್ಮ ಸ್ವಂತ ಕಥೆಯನ್ನು ಹೇಳಿಬಿಡುತ್ತೇವೆ. ನಾವು ಜೋಗಕ್ಕೆ ಹೋದದ್ದು ಎರಡು ಸಲ. ಮೊದಲ ಸಲ ಜುಲೈ ತಿಂಗಳು, ಜಡಿಮಳೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಸಾಲದ್ದಕ್ಕೆ ಚೀಟಿ ಹಣ ಮುರಿದುಕೊಂಡು ಹೋದೆವು. ಚೀಟಿ ಕೊಂಡು ಒಳಗೆ ಹೋಗಿ ಕಟಕಟೆಯ ಹತ್ತಿರ ನಿಂತರೆ ಎದುರಿಗೆ ಏನಿದೆ? ಬಿಳಿಯ ಮಂಜು! ಹತ್ತಿ ಬಿಡಿಸುವ ಕೋಣೆಯಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಹಾಗೆ. ಮಂಜಿನ ಆಚೆ ಭೋರ್ಗರೆಯುವ ಸದ್ದು ಮಾತ್ರ. ನಮ್ಮ ಪಕ್ಕದಲ್ಲಿ ನಿಂತಿದ್ದ ತಾಯಿಯೊಬ್ಬರು ಕೈಮುಗಿದು, "ಸದ್ದು ಕೇಳಿಸಿತಲ್ಲ, ಸಾಕು" ಎಂದರು. ನಮಗೆ ಸಾಕಾಗಲಿಲ್ಲ. ಎರಡು ಗಂಟೆ ಕಾದೆವು. ಗಾಳಿ ಒಮ್ಮೆ ತಿರುಗಿ ಮಂಜು ಸೀಳಿದಾಗ ಒಂದು ನಿಮಿಷವಿರಬಹುದು, ರಾಜನ ನೆತ್ತಿ ಕಂಡಿತು, ಮತ್ತೆ ಮುಚ್ಚಿತು. ಒದ್ದೆ ಬಟ್ಟೆಯಲ್ಲೇ ಹಿಂದಿರುಗಿ ಬಂದು ಕಿರಿಯ ಮಗನಿಗೆ ಜ್ವರ, ಎರಡು ದಿನ ಕೆಲಸಕ್ಕೆ ಚಕ್ಕರ್. ಆದ್ದರಿಂದ ಹಣ ದಂಡವಾಯಿತೆಂದು ಯಾರಾದರೂ ಹೇಳಿದರೆ ನಾವು ಅವರನ್ನು ಬೈಯುವವರಲ್ಲ.

ಎರಡನೆಯ ಸಲ ಹೋದದ್ದು 2024ರ ಆಗಸ್ಟಿನಲ್ಲಿ. ಆ ವರ್ಷ ಲಿಂಗನಮಕ್ಕಿ ತುಂಬಿ ಬಾಗಿಲು ತೆಗೆದಿದ್ದರು. ಆ ದಿನ ಕಂಡದ್ದನ್ನು ವರ್ಣಿಸುವ ಶಕ್ತಿ ನಮಗಿಲ್ಲ, ಅದಕ್ಕೆ ಮೂಗೂರು ಮಲ್ಲಪ್ಪನವರಂಥ ಕವಿಗಳು ಹಾಡು ಕಟ್ಟಿದ್ದಾರೆ. ಲೆಕ್ಕದಲ್ಲಿ ಹೇಳುವುದಾದರೆ 830 ಅಡಿ, ಎಂದರೆ 253 ಮೀಟರು. ಬಿಜಾಪುರದ ಗೋಲಗುಂಬಜನ್ನು ಒಂದರ ಮೇಲೊಂದರಂತೆ ಐದು ಇಟ್ಟರೆ ಆಗುವಷ್ಟು ಎತ್ತರ. ಅಷ್ಟು ಎತ್ತರದಿಂದ ನಾಲ್ಕು ಕವಲಾಗಿ ಬೀಳುತ್ತದೆ: ರಾಜ, ರಾಣಿ, ರೋರರ್, ರಾಕೆಟ್. (ನಾಡಿನಲ್ಲೆಲ್ಲ ರಾಜರಾಣಿಯರನ್ನು ಗದ್ದುಗೆಯಿಂದ ಇಳಿಸಿಯಾಯಿತು. ಇಲ್ಲಿ ಮಾತ್ರ ಅವರು ತಾವಾಗಿಯೇ ದಿನವೂ ಇಳಿಯುತ್ತಿದ್ದಾರೆ, ನಮ್ಮದೇನೂ ತಕರಾರಿಲ್ಲ.)

ಈಗ ಖರ್ಚಿನ ಮಾತಿಗೆ ಬರೋಣ. ದಾವಣಗೆರೆಯಿಂದ ಶಿವಮೊಗ್ಗ, ಅಲ್ಲಿಂದ ಸಾಗರದ ಮೇಲೆ ಜೋಗಕ್ಕೆ ಮತ್ತೆ ಸುಮಾರು 100 ಕಿಲೋಮೀಟರು. ರೈಲು ತಾಳಗುಪ್ಪದವರೆಗೆ ಹೋಗುತ್ತದೆ, ಉಳಿದದ್ದು ಬಸ್ಸು. ಬಸ್ಸಿನ ದರ, ಹೋದಲ್ಲಿ ಊಟ, ಮಕ್ಕಳು ಬೇಡುವ ಜೋಳದ ತೆನೆ, ಬೋಂಡ, ಮೇಲೆ ಪ್ರವೇಶದ ಚೀಟಿ, ಗಾಡಿ ತಂದವನಿಗೆ ಗಾಡಿಯ ಚೀಟಿ. ಒಂದು ಸಂಸಾರದ ವಾರದ ಪಗಾರ ಎಂದು ಹಿರಿಯರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಬದಲಿ ಕಾರ್ಮಿಕನಿಗಂತೂ ಅದು ವಾರಕ್ಕಿಂತ ಹೆಚ್ಚು. ಆದರೆ ಒಂದು ಲೆಕ್ಕವನ್ನು ಅವರು ಬಿಟ್ಟರು. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಲ್ಲ. ಬಾಡಿಗೆ ಬಸ್ಸು ಮಾಡಿದರೆ ಅಜ್ಜಿಗೂ ದುಡ್ಡು, ಮೊಮ್ಮಗಳಿಗೂ ದುಡ್ಡು. ಸಾರ್ವಜನಿಕ ಬಸ್ಸಿನಲ್ಲಿ ಹೋದರೆ ಮನೆಯ ಗಂಡಸರ ಟಿಕೇಟು ಮಾತ್ರ. ಹೀಗೆ ಲೆಕ್ಕ ಹಾಕಿದಾಗ ಖರ್ಚು ಎಷ್ಟೋ ಇಳಿಯುತ್ತದೆ. ನಮ್ಮ ಹುಡುಗರಿಗೆ ಪ್ರತ್ಯೇಕ ಬಸ್ಸು, ಒಳಗೆ ಹಾಡಿನ ಯಂತ್ರ, ಇದೆಲ್ಲ ಬೇಕು. ಆ ಶೋಕಿಯ ಭಾರವನ್ನು ಸಂಘದ ನಿಧಿಯ ಮೇಲೆ ಹೊರಿಸುವುದು ಸರಿಯಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅವರು ಕೋಪಿಸಿಕೊಂಡರೂ ಚಿಂತೆಯಿಲ್ಲ.

ಎರಡನೆಯದು ಕಟ್ಟುಪಾಡಿನ ಮಾತು. ಅಲ್ಲಿ ಹೋಗಬಾರದು, ಇಲ್ಲಿ ನಿಲ್ಲಬಾರದು, ನೀರಿಗೆ ಇಳಿಯಬಾರದು, ಮಳೆ ಜೋರಾದರೆ ಕಣಿವೆಯ ಮೆಟ್ಟಿಲಿನ ಬಾಗಿಲು ಬಂದ್. ಕೆಳಗಿನ ಗುಂಡಿಯವರೆಗೆ ಸುಮಾರು 1400 ಮೆಟ್ಟಿಲುಗಳಿವೆ. ಇಳಿದವನಿಗೆ ಹತ್ತುವಾಗ ದೇವರು ನೆನಪಾಗುತ್ತಾನೆ. ಹಿಂದೆ ನೀರು ಕಡಿಮೆಯಾದಾಗ ಜನ ಬಂಡೆಗಳ ಮೇಲೆ ನಡೆದು ರಾಜನ ನೆತ್ತಿಯವರೆಗೂ ಹೋಗಿ ಅಂಗಾತ ಮಲಗಿ ಇಣುಕುತ್ತಿದ್ದರು. ಜಾರಿದವರು ಸಿಕ್ಕಲಿಲ್ಲ. ಆದುದರಿಂದ ಈ ತರಹದ ಕಟ್ಟುಪಾಡನ್ನು ನಾವು ವಿರೋಧಿಸತಕ್ಕದ್ದಲ್ಲ. ಯಂತ್ರದ ಪಟ್ಟಿಗೆ ಜಾಲರಿ ಹಾಕಿರೆಂದು ಗಿರಣಿಯಲ್ಲಿ ಹೋರಾಡುವ ನಾವೇ, ಬಂಡೆಯ ಅಂಚಿಗೆ ಹಾಕಿದ ಬೇಲಿಯನ್ನು ಹಾರಿ ಭಾವಚಿತ್ರ ತೆಗೆಸಿಕೊಳ್ಳುವುದು ಯಾವ ನ್ಯಾಯ?

ಆದರೆ ಬೇರೊಂದು ಬಗೆಯ ಕಟ್ಟುಪಾಡೂ ಉಂಟು. 2025ರ ಮೊದಲ ತಿಂಗಳುಗಳಲ್ಲಿ ಮುಖ್ಯದ್ವಾರದ ಕಾಮಗಾರಿ ನಡೆಯುತ್ತಿದೆಯೆಂದು ಪ್ರವಾಸಿಗಳ ಪ್ರವೇಶವನ್ನೇ ನಿಲ್ಲಿಸಿದ್ದರು. ದ್ವಾರ ಕಟ್ಟಲಿ, ಶೌಚಾಲಯ ಕಟ್ಟಲಿ, ಮುದುಕರಿಗೆ ನೆರಳು ಮಾಡಲಿ, ಬೇಡವೆನ್ನುವವರಾರು? ಅದರ ಜೊತೆಗೇ ಪಂಚತಾರಾ ಹೋಟೆಲು, ತಂತಿಯ ಮೇಲೆ ಓಡುವ ತೊಟ್ಟಿಲು, ಇವುಗಳ ಯೋಜನೆಯೂ ಬಂದಿದೆ. ಇಲ್ಲಿ ನಾವು ಕಣ್ಣು ತೆರೆದಿರಬೇಕು. ಕಟ್ಟಿದವನು ಹಾಕಿದ ಹಣವನ್ನು ಬಡ್ಡಿ ಸಮೇತ ಎತ್ತಲೇಬೇಕು. ಎತ್ತುವುದು ಯಾರಿಂದ? ಮೊದಲು ತಾರೆಗಳ ಹೋಟೆಲಿನಲ್ಲಿ ಇಳಿದವನಿಂದ, ಅವನು ಸಾಲದಿದ್ದರೆ ಬುತ್ತಿ ಕಟ್ಟಿಕೊಂಡು ಬಂದವನ ಚೀಟಿಯಿಂದ. ಹೊಳೆಯ ನೋಟಕ್ಕೆ ಸುಂಕ ಏರಿಸುವುದು ಉಪ್ಪಿಗೆ ಸುಂಕ ಏರಿಸಿದ ಹಾಗೆಯೇ. ನೈರ್ಮಲ್ಯಕ್ಕೆ, ಕಾವಲಿಗೆ, ಕಸ ಗುಡಿಸುವ ಅಕ್ಕಂದಿರ ಸಂಬಳಕ್ಕೆ ಬೇಕಾಗುವಷ್ಟು ಚೀಟಿ ಇರಲಿ, ಕೊಡೋಣ. ನಡುವೆ ಕೈಬದಲಾಗುವ ಗುತ್ತಿಗೆದಾರನ ಲಾಭಕ್ಕೆ ಅಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ದೂರು: "ಹೋದೆವು, ನೀರೇ ಇರಲಿಲ್ಲ." ಈ ದೂರು ಹೇಳುವವರಲ್ಲಿ ಎಷ್ಟೋ ಮಂದಿಗೆ ನೀರು ಎಲ್ಲಿಗೆ ಹೋಯಿತೆಂಬುದು ತಿಳಿದಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ನಮಗೂ ಆ ನೀರಿಗೂ ಲೇವಾದೇವಿ ಇದೆ.

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಸಣ್ಣ ಹೊಳೆ, ಉದ್ದ 130 ಕಿಲೋಮೀಟರಿನೊಳಗೆ. ಹಿಂದೆ ಜೋಗದ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ದಡ ಮುಂಬಯಿ ಪ್ರಾಂತ. ಆ ಗುರುತಿಗೆ ಬಾಂಬೆ ಬಂಗಲೆಯೆಂಬ ಹೆಸರು ಈಗಲೂ ಆಚೆ ದಡದಲ್ಲಿದೆ. ವಿಶ್ವೇಶ್ವರಯ್ಯನವರು ಈ ನೀರು ಬೀಳುವುದನ್ನು ನೋಡಿ ಎಷ್ಟು ಶಕ್ತಿ ಪೋಲಾಗುತ್ತಿದೆಯೆಂದು ಮರುಗಿದರೆಂಬ ಕಥೆ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. 1939ರಲ್ಲಿ ಕೆಲಸ ಮೊದಲಾಗಿ, ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿ, 1948ರಲ್ಲಿ ಜೋಗದ ವಿದ್ಯುತ್ತು ಹರಿಯಿತು. ಆ ಮನೆಗೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಅಷ್ಟು ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಿತು. ಅದರ ನೀರಿನಲ್ಲಿ ಹಿರೇಭಾಸ್ಕರದ ಕಟ್ಟೆಯೇ ಮುಳುಗಿಹೋಯಿತು. ಬೇಸಗೆಯಲ್ಲಿ ನೀರು ಬಹಳ ಇಳಿದರೆ ಹಳೆಯ ಕಟ್ಟೆ ಇವತ್ತಿಗೂ ಎದ್ದು ಕಾಣುತ್ತದೆ, ಕೆಡದೆ ನಿಂತಿದೆ.

ಲಿಂಗನಮಕ್ಕಿ ಹಿಡಿಯುವ ನೀರು 151 ಟಿ.ಎಂ.ಸಿ. ಅಡಿ. ಆ ನೀರು ಜೋಗದ ಬಂಡೆಯ ಮೇಲೆ ಬೀಳುವುದಿಲ್ಲ. ಕಾಲುವೆಯಲ್ಲಿ ತಲಕಳಲೆಗೆ ಹೋಗಿ, ಅಲ್ಲಿಂದ ಸುರಂಗ, ದೊಡ್ಡ ಕೊಳವೆಗಳ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ ಹತ್ತು ಯಂತ್ರಗಳು, ಒಟ್ಟು 1035 ಮೆಗಾವಾಟು. ಗಾಂಧಿ ವಿದ್ಯುದಾಗಾರಕ್ಕೆ ಹೋಗುವ ನೀರನ್ನೂ ಜಲಪಾತಕ್ಕೆ ಮೊದಲೇ ತಿರುಗಿಸಿಕೊಳ್ಳುತ್ತಾರೆ. ಎಂದರೆ ನೀರು ಜಲಪಾತವನ್ನು ಬಳಸಿಕೊಂಡು ಹಿತ್ತಲ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತದೆ. ಕಟ್ಟೆಯ ಕೆಳಗಿನ ಕಾಡಿನಲ್ಲಿ ಮಳೆ ಬಿದ್ದರೆ ಆ ಹಳ್ಳಗಳ ನೀರು ಜೋಗದಲ್ಲಿ ಬೀಳುತ್ತದೆ. ಕಟ್ಟೆ 1819 ಅಡಿಯ ಮಟ್ಟಕ್ಕೆ ತುಂಬಿ ಬಾಗಿಲು ತೆಗೆದರೆ ಆಗ ಪೂರ್ಣ ಜಲಪಾತ. ಎಲ್ಲ ವರ್ಷವೂ ತುಂಬುವುದಿಲ್ಲ. 2023ರಂತಹ ಬರದ ವರ್ಷ ಹೋದವನು ಬಂಡೆ ನೋಡಿಕೊಂಡು ಬಂದ. ಬಿದ್ದ ನೀರನ್ನೇ ಪಂಪಿನಿಂದ ಮೇಲಕ್ಕೆತ್ತಿ ವರ್ಷವಿಡೀ ಬೀಳಿಸೋಣವೆಂಬ ಯೋಜನೆಯ ಮಾತೂ ಒಮ್ಮೆ ಎದ್ದಿತ್ತು. ಸಿನಿಮಾ ಮಂದಿರದ ಮುಂದಿನ ಕಾರಂಜಿಗೆ ಅದು ಸರಿ. ವಿದ್ಯುತ್ತಿಗಾಗಿ ನೀರು ತಿರುಗಿಸಿ, ಆ ವಿದ್ಯುತ್ತಿನಿಂದಲೇ ನೀರೆತ್ತಿ ಜನಕ್ಕೆ ತೋರಿಸುವ ಬುದ್ಧಿವಂತಿಕೆಗೆ ಏನೆನ್ನೋಣ?

ಆ ನೀರು ಎಲ್ಲಿ ಹೋಯಿತು ಎಂದು ಕೇಳಿದಿರಲ್ಲ, ನಮ್ಮ ಊರಿಗೇ ಬಂತು. ಅನೇಕ ವರ್ಷಗಳವರೆಗೆ ಈ ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಶರಾವತಿಯದೇ ಆಗಿತ್ತು. ನಮ್ಮ ಅಪ್ಪಂದಿರು ಓಡಿಸಿದ ಮಗ್ಗ ಓಡಿದ್ದು ಅದರಿಂದ. ಅಂಗಡಿಯ ಅಣ್ಣನವರ ತಕ್ಕಡಿಯ ಮೇಲೆ ಉರಿದ ದೀಪ ಅದರದ್ದು. ಗಿರಣಿಯ ಗೋಡೆಯೊಳಗೆ ಹಗಲು ರಾತ್ರಿ ನಾವು ಜೋಗದ ಜೊತೆ ಕೆಲಸ ಮಾಡಿದ್ದೇವೆ, ಮುಖ ನೋಡಿಲ್ಲ ಅಷ್ಟೆ. ಒಂದೇ ಖಾತೆಯಲ್ಲಿ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಇಬ್ಬರು ಹಾಗಿರುವುದುಂಟು.

ಈ ದೀಪಕ್ಕೆ ಎಣ್ಣೆ ಎರೆದವರು ಯಾರೆಂಬುದೇ ನಿಜವಾದ ಪ್ರಶ್ನೆ. ಲಿಂಗನಮಕ್ಕಿಯ ನೀರು ಹರಡಿದ್ದು ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ನೆಲದ ಮೇಲೆ. ಅದರಡಿ ಗದ್ದೆಯಿತ್ತು, ಅಡಕೆ ತೋಟವಿತ್ತು, ಮನೆ, ದೇವಸ್ಥಾನ, ಸುಡುಗಾಡು ಎಲ್ಲವೂ ಇತ್ತು. ಅನೇಕ ಹಳ್ಳಿಗಳ ಜನರನ್ನು ಲಾರಿಗಳಲ್ಲಿ ತುಂಬಿ ಕಾಡಿನೊಳಗೆ ಇಳಿಸಿದರು. ಆ ಕಾಡಿನ ಜಾಗಕ್ಕೆ ಸರಿಯಾದ ಹಕ್ಕುಪತ್ರದ ವ್ಯಾಜ್ಯ ಅರುವತ್ತು ವರ್ಷ ಕಳೆದರೂ ಕಚೇರಿಗೂ ಕೋರ್ಟಿಗೂ ನಡುವೆ ಅಲೆಯುತ್ತಿದೆ. ಅಜ್ಜ ಮುಳುಗಡೆಯವನು, ಅಪ್ಪ ಅರ್ಜಿದಾರ, ಮಗ ಒತ್ತುವರಿದಾರ! ಹೆಸರು ಬದಲಾಯಿತು, ನೆಲ ಕೈಸೇರಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಹಳ್ಳಿಗಳವರು ಆಸ್ಪತ್ರೆಗೆ ಬರಬೇಕಾದರೆ ಲಾಂಚಿಗೆ ಕಾಯಬೇಕಾಗಿತ್ತು, ಸಂಜೆ ಲಾಂಚು ನಿಂತಿತೆಂದರೆ ಬೆಳಗಿನವರೆಗೆ ದೇವರೇ ಗತಿಯಾಗಿತ್ತು. ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಜನರಿಗೆ ತೆರೆದದ್ದು 2025ರ ಜುಲೈಯಲ್ಲಿ. ಕಟ್ಟೆ ಆದದ್ದು 1964. ನಡುವಿನ ವರ್ಷಗಳನ್ನು ನೀವೇ ಕಳೆದುಕೊಳ್ಳಿ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಆ ಹಿನ್ನೀರಿನ ಅಂಚಿನಲ್ಲೇ ಬಹುಕಾಲ ಸೀಮೆಎಣ್ಣೆ ಬುಡ್ಡಿ ಉರಿದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ.

ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಡುವ 2000 ಮೆಗಾವಾಟಿನ ಯೋಜನೆಯೊಂದು ಬಂದಿದೆ. ಸಿಂಗಳೀಕಗಳಿರುವ ಕಾಡು ಅದು. ಕಣಿವೆಯ ಜನ ವಿರೋಧ ಎತ್ತಿದ್ದಾರೆ. ಒಮ್ಮೆ ಮುಳುಗಿದವರಿಗೆ ನೀರಿನ ಭಯ ಇರುವುದು ಸಹಜ.

ಇದನ್ನೆಲ್ಲ ಏಕೆ ಹೇಳಿದೆವೆಂದರೆ, ಜೋಗದ ಚೀಟಿಯ ಬೆಲೆಯ ಪ್ರಶ್ನೆ ಬಂದಾಗ ನಾವು ನಮ್ಮ ಕಿಸೆಯನ್ನು ಮಾತ್ರ ನೋಡಿಕೊಳ್ಳುತ್ತೇವೆ. ಅದರ ದೊಡ್ಡ ಬೆಲೆಯನ್ನು ಬೇರೆಯವರು ನಮಗಿಂತ ಮೊದಲೇ ತೆತ್ತಿದ್ದಾರೆ. ಆದಕಾರಣ ಜೋಗಕ್ಕೆ ಹೋಗಬೇಕೇ ಎಂದರೆ, ಹೌದು, ಹೋಗಬೇಕು ಎನ್ನುತ್ತೇವೆ. ಆದರೆ ಕಟಕಟೆಯ ಹತ್ತಿರ ನಿಂತು ಭಾವಚಿತ್ರ ತೆಗೆಸಿಕೊಂಡು, ಬೋಂಡ ತಿಂದು ಬರುವುದಕ್ಕಾದರೆ ವಾರದ ಪಗಾರ ಖಂಡಿತ ಹೆಚ್ಚಾಯಿತು, ಹಿರಿಯರ ಮಾತೇ ಸರಿ.

ಹೋಗುವ ದಾರಿಯಲ್ಲಿ ಸಾಗರದ ಹತ್ತಿರವೇ ಕಾಗೋಡು ಇದೆ. ಗೇಣಿಯ ಭತ್ತ ಅಳೆಯುವ ಕೊಳಗದ ಜಗಳದಿಂದ ಹುಟ್ಟಿದ 1951ರ ಸತ್ಯಾಗ್ರಹದ ಊರು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಗೇಣಿದಾರರ ಜೊತೆ ನಿಂತರು, ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಉಳುವವನಿಗೆ ಹೊಲವೆಂಬ ಮಾತು 1974ರ ಭೂಸುಧಾರಣೆಯಲ್ಲಿ ಕಾನೂನಾಗಿ ಬರುವವರೆಗೆ ಇಪ್ಪತ್ತಮೂರು ವರ್ಷ ಹಿಡಿಯಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಅದೇ ಸೀಮೆಯಲ್ಲಿ ಒಬ್ಬ ಗೇಣಿದಾರ ಹೋರಾಡಿ ನೆಲ ಪಡೆದ, ಹತ್ತಾರು ಮೈಲಿ ಆಚೆ ಇನ್ನೊಬ್ಬನ ಕಾಲಡಿಯ ನೆಲವೇ ನೀರಾಯಿತು. ಕಾಗೋಡಿನಲ್ಲಿ ಚೀಟಿಯೂ ಇಲ್ಲ, ಕಟಕಟೆಯೂ ಇಲ್ಲ. ಅರ್ಧ ಗಂಟೆ ಬಸ್ಸು ನಿಲ್ಲಿಸಿ ಅಲ್ಲಿಯ ಹಿರಿಯರ ಜೊತೆ ಕುಳಿತು ಮಾತನಾಡಿದರೆ ನಮ್ಮ ಹುಡುಗರಿಗೆ ಹಾಡಿನ ಯಂತ್ರದ ನೆನಪು ಬರುವುದಿಲ್ಲ.

ಇನ್ನು ವ್ಯವಹಾರದ ಮಾತು. ಸಂಘದ ನಿಧಿಯಲ್ಲಿ ಮಕ್ಕಳ ಪುಸ್ತಕಕ್ಕೆಂದು ತೆಗೆದಿಟ್ಟ ಭಾಗವನ್ನು ಮುಟ್ಟಕೂಡದು. ಈ ವಿಷಯದಲ್ಲಿ ನಾವು ಹಿರಿಯರ ಪಕ್ಷ. ಹೋಗುವವರು ಈಗಿನಿಂದಲೇ ಬಟವಾಡೆಗೆ ಇಷ್ಟೆಂದು ಪ್ರತ್ಯೇಕ ಚೀಟಿ ಕಟ್ಟಲಿ. ಪತ್ರಿಕೆಯಲ್ಲಿ ಮಳೆಗಾಲದಲ್ಲಿ ಲಿಂಗನಮಕ್ಕಿಯ ಮಟ್ಟ ಬರುತ್ತದೆ, ವಾಚನಾಲಯದ ಹಲಗೆಯ ಮೇಲೆ ದಿನವೂ ಅದನ್ನು ಬರೆಯಲು ಹೇಳಿದ್ದೇವೆ. 1819ಕ್ಕೆ ಹತ್ತಿರವಾದಾಗ ಹೊರಡುವುದು. ತುಂಬದ ವರ್ಷವಾದರೆ ಚೀಟಿ ಹಣ ಮುಂದಿನ ವರ್ಷಕ್ಕೆ ಉಳಿಯಲಿ, ಅವಸರವೇನಿದೆ? ಜುಲೈಯ ಜಡಿಮಳೆಯಲ್ಲಿ ಬೇಡ, ಮಂಜು ನೋಡಲು ಹೋಗಬೇಕಾಗಿಲ್ಲ. ಮಳೆ ಹೊಳವಾಗುವ ಆಗಸ್ಟ್ ಕೊನೆ, ಸೆಪ್ಟೆಂಬರ್ ವಾಸಿ. ಭಾನುವಾರದ ಜಂಗುಳಿ ತಪ್ಪಿಸಲು ವಾರದ ರಜೆ ಬೇರೆ ದಿನ ಇರುವ ಖಾತೆಯವರು ಆ ದಿನ ಹೋಗಲಿ. ಅಂಗಡಿಯವರಿಗೂ ಅದೇ ಅನುಕೂಲ, ಸಂತೆಯಿಲ್ಲದ ದಿನ ಬಾಗಿಲು ಹಾಕಿದರೆ ಗಿರಾಕಿ ಓಡಿಹೋಗುವುದಿಲ್ಲ. ಬುತ್ತಿ ಮನೆಯಿಂದಲೇ: ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಮಂಡಕ್ಕಿ. ಹೆಂಗಸರು ಗುರುತಿನ ಚೀಟಿ ಮರೆಯಬಾರದು, ಮರೆತರೆ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗುತ್ತದೆ.

ಮೊನ್ನೆ ಜಗಲಿಯ ಮೇಲೆ ಜಗಳವಾಡಿದ ಹಿರಿಯರನ್ನು ಈ ಬೆಳಿಗ್ಗೆ ಅವರ ಮನೆಯಲ್ಲಿ ಕಂಡೆವು. ಅವರ ಮನೆಯಾಕೆ ಒಳಗಿನಿಂದಲೇ, "ಮದುವೆಯಾಗಿ ಬಂದಾಗಿನಿಂದ ಹರಿಹರದಾಚೆ ಕಾಲಿಟ್ಟಿಲ್ಲಪ್ಪಾ" ಎಂದರು. ಹಿರಿಯರು ಏನೂ ಹೇಳಲಿಲ್ಲ, ಸೋರುವ ಮಾಳಿಗೆಯ ಕಡೆ ನೋಡಿದರು. ಮಳೆಗೆ ಮುಂಚೆ ಆ ಮಾಳಿಗೆಗೆ ಹೆಂಚು ಹೊದಿಸಲು ಬರುವ ಭಾನುವಾರ ನಾಲ್ಕು ಜನ ಬೇಕು. ಹೆಂಚನ್ನು ಅಂಗಡಿಯ ಅಣ್ಣನವರು ಉದ್ರಿ ಕೊಡಿಸಲು ಒಪ್ಪಿದ್ದಾರೆ. ಜೋಗದ ಚೀಟಿಗೆ ಹೆಸರು ಬರೆಸುವವರು ಆ ದಿನ ಅಲ್ಲಿಗೇ ಬನ್ನಿ, ಪುಸ್ತಕ ನಮ್ಮ ಕೈಯಲ್ಲಿರುತ್ತದೆ.